ಆ್ಯಪಿಗೆ ದನಿ ಕೊಟ್ಟ ಅಕ್ಕ

ಬಸ್ ನಿಲ್ದಾಣದ ಮೈಕಿನಲ್ಲಿ ದಿನವಿಡೀ ಕೇಳಿಸುತ್ತಿದ್ದುದು ಅವಳ ದನಿ. ಟಿಕೆಟ್ ಕಿಟಕಿಯ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಅವಳು ಹೇಳುತ್ತಿದ್ದರೆ, ಬಸ್ಸು ತಪ್ಪಿಸಿಕೊಂಡವರ ಸಿಟ್ಟೂ ಅರ್ಧ ಇಳಿಯುತ್ತಿತ್ತು. ಮನೆಯಲ್ಲಿ ಊಟಕ್ಕೆ ಕರೆದರೆ ಗಂಡ, ಎಷ್ಟನೇ ಪ್ಲಾಟ್‌ಫಾರಂಗೆ ಬರಲಿ ಎಂದು ಚುಡಾಯಿಸುತ್ತಿದ್ದ.

ಈ ದನಿಗೆ ಮರುಳಾಗಿ ಒಂದು ಕಂಪನಿಯವರು ಅವಳನ್ನು ಹುಡುಕಿಕೊಂಡು ಬಂದರು. ಎದೆಹಾಲೂಡಿಸುವ ತಾಯಂದಿರಿಗೆಂದು ಅವರೊಂದು ಆ್ಯಪ್ ಮಾಡಿದ್ದರು. ಹಾಲು ಕೊಡುವ ಹೊತ್ತನ್ನು ನೆನಪಿಸಿ, ಧೈರ್ಯ ಹೇಳಲು ಒಂದು ಹೆಣ್ಣುದನಿ ಬೇಕಿತ್ತು. ಗೋಡೆಗೆಲ್ಲ ಸ್ಪಂಜು ಬಡಿದಿದ್ದ ಸಣ್ಣ ಕೋಣೆಯಲ್ಲಿ ನಿಂತು, ಬರೆದುಕೊಟ್ಟದ್ದನ್ನು ಓದುತ್ತ ಹೋದಳು. "ಹಾಲು ಸಾಲದು ಅನ್ನುವುದು ಬರೀ ಭಯ ಅಮ್ಮಾ. ಬಾಟಲಿಗೆ ಕೈ ಚಾಚಬೇಡಿ. ನಿಮ್ಮಲ್ಲಿ ಬೇಕಾದಷ್ಟಿದೆ."

ಅಲ್ಲಿ ಓದು ನಿಲ್ಲಿಸಿದಳು. ಅವಳ ಮಗಳು ಬೆಳೆದದ್ದೇ ಡಬ್ಬಿಯ ಹಾಲಿನಪುಡಿಯಲ್ಲಿ. ಎಷ್ಟು ಒದ್ದಾಡಿದರೂ ಎದೆಹಾಲು ಸಾಲದೇಹೋದದ್ದನ್ನು ಅವಳು ತವರಿನಲ್ಲಿ ಯಾರ ಕಿವಿಗೂ ಹಾಕಿರಲಿಲ್ಲ. ಇದು ಸುಳ್ಳು ಎಂದು ಹೇಳಬೇಕಾದರೆ ತನ್ನ ಕಥೆಯನ್ನೇ ಬಿಚ್ಚಬೇಕಿತ್ತು. ನೀರು ಕುಡಿದು, ಇನ್ನಷ್ಟು ಇಂಪಾಗಿ ಓದಿ ಮುಗಿಸಿದಳು.

ಮರುವರ್ಷ ತಂಗಿಗೆ ಗಂಡುಮಗುವಾಯಿತು. ಅಕ್ಕನಿಗೆ ರಜೆ ಸಿಗಲಿಲ್ಲ. ತಂಗಿ ಬೇಸರಪಟ್ಟುಕೊಳ್ಳಲಿಲ್ಲ, ಆ್ಯಪ್ ಹಾಕಿಕೊಂಡಿದ್ದೇನೆ, ಹೊತ್ತುಹೊತ್ತಿಗೂ ನೀನೇ ಬಂದು ಮಾತಾಡಿಸಿದ ಹಾಗಿದೆ ಎಂದು ಫೋನಿನಲ್ಲಿ ನಕ್ಕಳು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಅಕ್ಕ ಕೆಲಸವಿದೆ ಎಂದು ಫೋನಿಟ್ಟಳು.

ವಾರ ತುಂಬುವಷ್ಟರಲ್ಲಿ ತಂಗಿಯ ಗಂಡನ ಫೋನು ಬಂತು. ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದರು.

ಅವಳು ಉಟ್ಟ ಬಟ್ಟೆಯಲ್ಲೇ ಓಡಿದಳು. ಮಗು ಕಾಮಾಲೆಗೆಂದು ಹಾಕಿದ್ದ ನೀಲಿ ಬೆಳಕಿನಡಿ ಮಲಗಿತ್ತು. ಮೈ ಹಳದಿ, ತುಟಿ ಒಣಗಿತ್ತು. ಹೊಟ್ಟೆಗೆ ಸಾಲದೆ ನಿತ್ರಾಣವಾಗಿ ನಿದ್ದೆ ಹೋಗುತ್ತಿದ್ದ ಮಗುವನ್ನು, ಹಾಲು ಕುಡಿದು ತೃಪ್ತಿಯಾಗಿ ಮಲಗಿದೆ ಎಂದು ಮನೆಯವರು ತಿಳಿದಿದ್ದರಂತೆ. ಸರಿಯಾದ ಹೊತ್ತಿಗೆ ತಂದಿದ್ದೀರಿ, ಉಳಿಯುತ್ತದೆ ಎಂದರು ಡಾಕ್ಟರು.

"ಪುಡಿ ತರ್ತೀನಿ ಅಂತ ಇವರು ಹೊರಟೇ ಬಿಟ್ಟಿದ್ರು," ಎಂದಳು ಪಕ್ಕದ ಮಂಚದಲ್ಲಿ ಮಲಗಿದ್ದ ತಂಗಿ. "ನಾನೇ ತಡೆದೆ. ನಮ್ಮಕ್ಕನೇ ಹೇಳ್ತಿದ್ದಾಳೆ, ಇನ್ಯಾರನ್ನ ಕೇಳ್ಬೇಕು ಅಂದೆ."

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. "ನಂಗೆ ಹಾಲು ಸಾಲ್ತಿರಲಿಲ್ಲ ಕಣೇ. ನನ್ನ ಮಗಳಿಗೆ ಕುಡಿಸಿದ್ದು ಪುಡಿ ಹಾಲೇ."

ತಂಗಿ ದಿಂಬಿನಿಂದ ತಲೆಯೆತ್ತಿದಳು.

"ಮತ್ತೆ ಹಾಗ್ಯಾಕೆ ಹೇಳಿದೆ?"

"ಬರ್ದುಕೊಟ್ಟಿದ್ದನ್ನ ಓದಿದೆ."

"ಊರಿಗೆಲ್ಲ ಓದು ಅಕ್ಕ. ನಂಗೊಬ್ಬಳಿಗೆ ಒಂದು ಮಾತು ಹೇಳೋಕೆ ಏನಾಗಿತ್ತು?"

ನಾಚಿಕೆಯಾಗಿತ್ತು ಎನ್ನಬೇಕು ಅಂದುಕೊಂಡಳು. ಆ ಮಗುವಿನ ಮುಂದೆ ನಿಂತು ಅಷ್ಟನ್ನು ಹೇಳುವುದಕ್ಕೂ ನಾಚಿಕೆಯಾಯಿತು. ತಂಗಿ ಗೋಡೆಯ ಕಡೆ ಹೊರಳಿದಳು.

ಮಗು ಚಮಚದಲ್ಲಿ ಪುಡಿಹಾಲು ಕುಡಿದು ಚೇತರಿಸಿಕೊಂಡಿತು. ಎದೆಗೆ ಹಿಡಿದುಕೊಳ್ಳುವ ಬಗೆಯನ್ನು ನರ್ಸು ಪಕ್ಕದಲ್ಲಿ ಕೂತು ಕಲಿಸಿದ ಮೇಲೆ ತಂಗಿಗೆ ಹಾಲೂ ಇಳಿಯತೊಡಗಿತು, ಎರಡೂ ನಡೆದವು. ಅಕ್ಕ ಕಂಪನಿಗೆ ಹೋಗಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಒಂದಷ್ಟು ಅಲೆದಾಡಿಸಿ ಆ ಸಾಲು ತೆಗೆದರು; ಮಗು ಮಂಕಾದರೆ, ಉಚ್ಚೆ ಕಡಿಮೆಯಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ ಎಂಬುದನ್ನು ಅವಳಿಂದಲೇ ಓದಿಸಿದರು. ಎರಡು ಸಾಲಿಗೆ ಅವಳು ಎಷ್ಟೋ ಸಲ ತಡವರಿಸಿದಳು.

ತಂಗಿಯ ಮನೆಗೆ ಈಗಲೂ ಹೋಗಿಬರುತ್ತಾಳೆ. ತಂಗಿ ಊಟ ಬಡಿಸುತ್ತಾಳೆ, ಮಾತಾಡುತ್ತಾಳೆ. ಹಾಲೂಡಿಸುವ ಹೊತ್ತಿಗೆ ಮಾತ್ರ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಒಂದು ದಿನ ತಂಗಿ ಬಟ್ಟೆ ಒಗೆಯುತ್ತಿದ್ದಾಗ ತೊಟ್ಟಿಲಲ್ಲಿ ಮಗು ಅತ್ತಿತು. "ಬಂದೆ ಕಂದಾ," ಎಂದಳು ಅಕ್ಕ. ಮಗು ತಟ್ಟನೆ ಅಳು ನಿಲ್ಲಿಸಿ ಅವಳತ್ತ ಕಣ್ಣರಳಿಸಿತು. ಹುಟ್ಟಿದಂದಿನಿಂದ ಕೇಳಿದ್ದ ದನಿ ಅದು. ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದ ತಂಗಿ ಅದನ್ನು ನೋಡಿದಳು, ತಿರುಗಿ ಬಟ್ಟೆ ಒಗೆಯಲು ಹೋದಳು.

ಅಕ್ಕ ಇನ್ನೊಂದು ಮಾತೂ ಆಡದೆ ತೊಟ್ಟಿಲು ತೂಗುತ್ತ ಕೂತಳು.