ಹೆನ್ರಿ ಸಾಹೇಬರ ಫೋಟೊ

ಒಣಮೆಣಸಿನಕಾಯಿಯ ಘಾಟಿಗೆ ಬ್ಯಾಡಗಿಯವರು ಸೀನುವುದಿಲ್ಲ, ಹುಟ್ಟಿನಿಂದ ರೂಢಿ. ನನಗೆ ಮಾತ್ರ ಈ ವಯಸ್ಸಿನಲ್ಲೂ ಅದರಿಂದ ಕಣ್ಣು ತುಂಬುತ್ತದೆ. ಆ ಘಾಟಿನೊಳಗೆ ನಮ್ಮ ಹಳೇ ಮನೆ ಇದೆ: ಅಂಗಳದ ತುಂಬ ಕೆಂಪು ರಾಶಿ, ತೊಟ್ಟು ಬಿಡಿಸುತ್ತ ಕೂತ ಅಜ್ಜಿ, ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಹೆನ್ರಿ ಸಾಹೇಬರು. ಈಗ ಅವರಲ್ಲಿ ಯಾರೂ ಇಲ್ಲ. ನನ್ನ ತಪ್ಪು ಮಾತ್ರ ಉಳಿದಿದೆ.

ಅಪ್ಪ ಮೆಣಸಿನಕಾಯಿ ದಲಾಲರು. ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ಅವರು ಎಂದೂ ನಂಬಿದವರಲ್ಲ. ಮೊಳಕೈವರೆಗೆ ತೋಳು ತೂರಿಸಿ, ತಳದಿಂದ ಒಂದು ಹಿಡಿ ತೆಗೆದು ನೋಡಿದ ಮೇಲೇ ಮಾತು. ಮನುಷ್ಯರನ್ನೂ ಹಾಗೇ ನೋಡುತ್ತಿದ್ದರು. ನನಗೂ ಅದನ್ನೇ ಕಲಿಸಿದರು. ಹೆನ್ರಿ ಸಾಹೇಬರು ಬೋರ್‌ವೆಲ್ ಯಂತ್ರದ ಜೊತೆ ಅಮೆರಿಕದಿಂದ ಬಂದ ಮೆಕ್ಯಾನಿಕ್. ನಲವತ್ತರ ಆಸುಪಾಸು, ಎಡಗಾಲು ಕುಂಟು. ಕೆಲಸದಾಳುಗಳ ಬಾಯಿಂದ ನಮ್ಮ ಮಾತು ಕಲಿತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ತಮ್ಮ ಹರೆಯದ ಕಥೆ ಹೇಳಿದರು. ವಾರವೆಲ್ಲ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ರವಿವಾರ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಗಿ ಗೋಲು ಹೊಡೆಯುತ್ತಿದ್ದರಂತೆ. ಒಮ್ಮೆ ದೇಶದ ತಂಡಕ್ಕೂ ಆಡಿದ್ದರಂತೆ. ಮರುವರ್ಷ ಮೊಣಕಾಲು ಮುರಿದು ಎಲ್ಲ ಮುಗಿಯಿತಂತೆ.

ಅವರು ಒಳಗೆ ಹೋದದ್ದೇ ಅಪ್ಪ, "ಅಮೆರಿಕಾದವ್ರು ಚೆಂಡು ಕೈಯಾಗ ಹಿಡ್ಕೊಂಡು ಓಡ್ತಾರಂತ, ಗುತ್ತಲದ ಮಾಸ್ತರ ಹೇಳ್ಯಾರ. ಇವನ ತಳದಾಗ ಏನೋ ಬ್ಯಾರೆ ಐತಿ," ಅಂದರು. "ಸುಳ್ಳ ಹೇಳಿದ್ರ ಅವಗೇನ ಸಿಗತೈತೋ? ಹನುಮಪ್ಪ ಛಲೋ ಮನಶ್ಯಾ," ಅಂದಳು ಅಜ್ಜಿ. ಹೆನ್ರಿ ಅವಳ ಬಾಯಲ್ಲಿ ಹನುಮಪ್ಪನಾಗಿದ್ದರು.

ಹನ್ನೊಂದು ವರ್ಷದ ನಾನು ಅಪ್ಪನ ಪಕ್ಷ. ಗೆಳೆಯರನ್ನು ಕೂಡಿಸಿಕೊಂಡು, ಸಾಹೇಬರನ್ನು ಕಾಡಿ ಬೇಡಿ ಶಾಲೆಯ ಮೈದಾನಕ್ಕೆ ಕರೆದೊಯ್ದೆ. ಅವರು ಓಡಿಬಂದು ಚೆಂಡು ಒದ್ದರು. ಮೊಣಕಾಲು ಮಡಚಿ ದೊಪ್ಪನೆ ಬಿದ್ದರು. "ಸಾಹೇಬ್ರು ನೆಲಕ್ಕ ಗೋಲ್ ಹೊಡದ್ರಲೇ!" ಎಂದು ಕೂಗಿದವನು ನಾನೇ. ಅವರು ಮಣ್ಣು ಕೊಡವಿಕೊಂಡು, "ರವಿವಾರ ಫೋಟೊ ತೋರಸ್ತೀನಿ, ಆಮ್ಯಾಲ ನಗು," ಅಂದರು. ನನಗೂ ಹುರುಪು ಬಂತು. "ಫೋಟೊ ಖರೇ ಇದ್ರ ನಿಮ್ಮ ಬೂಟು ತಲಿ ಮ್ಯಾಲ ಹೊತ್ತು ಊರೆಲ್ಲ ತಿರಗತೇನ್ರಿ!"

ಶನಿವಾರ ಅವರು ಕೆಲಸಕ್ಕೆ ಹೋದಾಗ ಖೋಲಿ ಹೊಕ್ಕು ಅವರ ಟ್ರಂಕು ತೆರೆದೆ. ಅಪ್ಪನಂತೆಯೇ ಬಟ್ಟೆಗಳೊಳಗೆ ತೋಳು ತೂರಿಸಿ ತಳ ಮುಟ್ಟಿದೆ. ರಟ್ಟಿಗೆ ಅಂಟಿಸಿದ ಫೋಟೊ ಕೈಗೆ ಬಂತು. ಹಿಂದೆ ಸಾವಿರಾರು ಜನ, ಗಾಳಿಯಲ್ಲಿ ಹಾರಿದ ಗೋಲ್‌ಕೀಪರ್, ಅವನನ್ನು ದಾಟಿ ಹೋಗುತ್ತಿರುವ ಚೆಂಡು. ಒದ್ದವನ ಕಾಲು ಇನ್ನೂ ಮೇಲೆಯೇ ಇತ್ತು. ಮುಖ ಎಳೆಯದು, ಆದರೆ ಅದೇ ಸೊಟ್ಟ ಮೂಗು. ತಲೆಯ ಮೇಲೆ ಬೂಟು ಹೊತ್ತ ನಾನೇ ಕಣ್ಣಮುಂದೆ ಬಂದೆ. ಅಷ್ಟರಲ್ಲಿ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿತು. ಹೊರಗೋಡಿ, ಪಡಸಾಲೆಯಲ್ಲಿ ಬಾಯಿ ತೆರೆದು ನಿಂತಿದ್ದ ಚೀಲದೊಳಗೆ ಫೋಟೊ ತುರುಕಿದೆ. ಆಮೇಲೆ ತೆಗೆದರಾಯಿತು ಅಂದುಕೊಂಡೆ. ಆದರೆ ಹಮಾಲರು ಬಂದು, ಅದರ ಬಾಯಿ ಹೊಲಿದು, ರಾಣೆಬೆನ್ನೂರು ಸ್ಟೇಷನ್ನಿಗೆ ಹೊರಟ ಲಾರಿಗೆ ಹೇರಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು, ಆಡಲಿಲ್ಲ.

ರವಿವಾರ ಸಾಹೇಬರು ಟ್ರಂಕನ್ನು ಮೂರು ಸಲ ಬರಿದುಮಾಡಿದರು. "ಇದ್ದಿದ್ರ ಸಿಗತಿತ್ತರಿ," ಅಂದರು ಅಪ್ಪ, ಕೈಕಟ್ಟಿ ನಿಂತು. ಸಾಹೇಬರು ನೆಲದ ಮೇಲೆ ಕೂತೇ, "ಒಂದೇ ಇತ್ತು. ನಮ್ಮ ದೇಶದಾಗೂ ಯಾರೂ ನಂಬೂದಿಲ್ಲ. ಅದಕ್ಕ ಸಂಗಾಟ ತಂದಿದ್ದೆ," ಅಂದರು. ಅದೇ ವಾರ ಅವರು ಮೋಟೆಬೆನ್ನೂರಿನ ಕ್ಯಾಂಪಿಗೆ ಹೊರಟರು. ಜೀಪು ಹತ್ತುವ ಮೊದಲು ತಮ್ಮ ಬೂಟನ್ನೊಮ್ಮೆ ನೋಡಿ, ನನ್ನ ತಲೆ ಸವರಿ, "ನಿನ್ನ ತಲಿ ಉಳೀತು ನೋಡು," ಎಂದು ನಕ್ಕರು. ಅವರಿಗೆ ಗೊತ್ತಿತ್ತೆ? ಗೊತ್ತಿದ್ದೂ ನಕ್ಕರೆ? ಈ ಸಂಶಯ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸಾಹೇಬರನ್ನು ಸುಳ್ಳುಗಾರನೆಂದು ನಂಬಿಕೊಂಡೇ ಅಪ್ಪ ತೀರಿಕೊಂಡರು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಅಂಗಳವಿದ್ದಲ್ಲಿ ಈಗ ಕೋಲ್ಡ್ ಸ್ಟೋರೇಜಿನ ಗೋಡೆ. ಸಾಹೇಬರು ದೇಶಕ್ಕಾಗಿ ಆಡಿದ್ದು ಖರೆ. ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ಹೇಳಲು ಒಂದು ಆಯುಷ್ಯ ಹಿಡಿಯಿತು, ಕೇಳಬೇಕಾದವರು ಯಾರೂ ಉಳಿದಿಲ್ಲ. ಈಗಲೂ ಪೇಟೆಯಲ್ಲಿ ಯಾರಾದರೂ ಚೀಲದೊಳಗೆ ತೋಳು ಇಳಿಸಿದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮುಷ್ಟಿ ಮೇಲೆ ಬಂದು ಬಿಚ್ಚುವವರೆಗೆ ಕಾಯುತ್ತೇನೆ. ಬರೀ ಮೆಣಸಿನಕಾಯಿ.