ಗ್ಲೋನ ಕಾಗದ, ಮಾವನ ಗೇಟು

ನೆಸ್ಟಾಳಿಗೆ ಮೈಯೆಲ್ಲ ಉರಿದುಹೋಯಿತು. ಪೋನಿ, ಅಂದರೆ ಗಿಡ್ಡ ಕುದುರೆಗಳ ಪ್ರದರ್ಶನದ ರಿಂಗಿನ ಉಸ್ತುವಾರಿ ಹೆಂಗಸು ಅವಳು ಕೊಟ್ಟ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೈಗಿಟ್ಟಿದ್ದಳು.

“ಇದು ಪಾಸ್‌ಪೋರ್ಟು ಕಣಮ್ಮ, ಕತ್ತೆಗೂ ಇರತ್ತೆ. ನಾನು ಕೇಳಿದ್ದು ತಳಿ ಸಂಘದ ನೋಂದಣಿ.”

“ಇದು ಅಪ್ಪಟ ವೆಲ್ಷ್ ಬೆಟ್ಟದ ಪೋನಿ. ಆಫೀಸಿನವರು ಕಾಗದ ಕಳೆದುಹಾಕಿದ್ರೆ ಅದು ನನ್ನ ತಪ್ಪಾ?”

“ಹಾಗಿದ್ರೆ ಆಫೀಸಿನವರನ್ನೇ ಕರ್ಕೊಂಡು ಬಾ. ಈಗ ದಾರಿ ಬಿಡು, ಹಿಂದೆ ಎಂಟು ಪೋನಿ ಕಾಯ್ತಿವೆ.”

ಅದು ಆ ಬೇಸಿಗೆಯ ಮೊದಲ ಪ್ರದರ್ಶನ. ಕರಿ ಪೋನಿ ಗ್ಲೋ ಮಾತ್ರ ಯಾವ ಅವಮಾನವನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ಆ ಹೆಂಗಸಿನ ಜೇಬು ಮೂಸುತ್ತಿತ್ತು.

ನೆಸ್ಟಾ ಕಡಲ ದಂಡೆಯ ಪೇಟೆಯಿಂದ ಈ ಬೆಟ್ಟದ ಹೊಲಕ್ಕೆ ಸೊಸೆಯಾಗಿ ಬಂದವಳು. ವಾರದ ಐದು ದಿನ ಶಾಲೆಯ ಅಡುಗೆಮನೆಯಲ್ಲಿ ತೊಂಬತ್ತು ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಒಂದು ದಿನವೂ ಊಟ ತಡವಾದದ್ದಿಲ್ಲ, ಒಂದು ಚಮಚವೂ ಕಾಣೆಯಾದದ್ದಿಲ್ಲ. ಅಂಥವಳು ಇಡ್ವಲ್ ಎಂಬ ಮಾವನ ಜೊತೆ ಹತ್ತೊಂಬತ್ತು ವರ್ಷ ಬಾಳಿದ್ದಾಳೆ. ಇಡ್ವಲ್ ಹುಟ್ಟಿನಿಂದ ಯಾವ ಗೇಟನ್ನೂ ಮುಚ್ಚಿದವನಲ್ಲ. “ಹಿಂದೆ ಬರೋರು ಮುಚ್ತಾರೆ” ಎನ್ನುತ್ತಾನೆ. ಹಿಂದೆ ಬರುವವಳು ಯಾವಾಗಲೂ ನೆಸ್ಟಾಳೇ. ಕುರಿ ಮೇಯಿಸುವ ಊರಿನಲ್ಲಿ ಗೇಟು ತೆರೆದು ಬಿಡುವುದೆಂದರೆ ಮನೆಗೆ ಬೆಂಕಿ ಇಟ್ಟಷ್ಟೇ ದೊಡ್ಡ ತಪ್ಪು. ಆದರೂ ಅವನಿಗೆ ಎಪ್ಪತ್ತಾರಾಗುವವರೆಗೂ ಯಾರೂ ಬುದ್ಧಿ ಹೇಳಿಲ್ಲ, ಹೇಳಿದವರ ಮಾತು ಅವನು ಕೇಳಿಲ್ಲ.

ಗ್ಲೋ ಅವರ ಮನೆಯಲ್ಲೇ ಹುಟ್ಟಿದ್ದು. ಇಡ್ವಲ್‌ನ ಕೆಂಪು ಹೆಣ್ಣು ಪೋನಿಯನ್ನು ಪಕ್ಕದ ಕಣಿವೆಯ ಹೆಸರಾಂತ ಕೆಂಪು ಗಂಡಿನ ಹತ್ತಿರ ಕರೆದೊಯ್ದು ಬಂದಿದ್ದರು. ಮರಿ ಹುಟ್ಟಿದ ಮೇಲೆ ಅರ್ಜಿ ಕಳಿಸಿದ್ದೇನೆ, ಆಫೀಸಿನವರು ಕಳೆದುಹಾಕಿದ್ದಾರೆ ಎಂದು ಇಡ್ವಲ್ ಹೇಳಿದ. ನೆಸ್ಟಾ ನಂಬಿದಳು. ಅವಳ ಇಬ್ಬರು ಗಂಡುಮಕ್ಕಳು ಗ್ಲೋನ ಬೆನ್ನ ಮೇಲೆ ಸವಾರಿ ಕಲಿತು ದೊಡ್ಡವರಾದರು. ಈಗ ಉಳಿದವಳು ಮಗಳು ಮಾಬ್ಲಿ. ಅವಳಿಗೂ ಹತ್ತು ತುಂಬಿದೆ, ಪಾದ ಗ್ಲೋನ ಹೊಟ್ಟೆಯ ಕೆಳಗೆ ಇಳಿಯುತ್ತಿದೆ. ವಸಂತಕ್ಕೆ ಗ್ಲೋ ನೆಸ್ಟಾಳ ತಂಗಿಯ ಮಗುವಿಗೆಂದು ದೂರದ ಊರಿಗೆ ಹೋಗಬೇಕು. ಹೋಗುವ ಮೊದಲು ಅದರ ತಲೆಪಟ್ಟಿಗೆ ಒಂದೇ ಒಂದು ಬಹುಮಾನದ ರಿಬ್ಬನ್ ಸಿಗಬೇಕು, ಆರನೆಯ ಸ್ಥಾನದ್ದಾದರೂ ಸರಿ ಎಂದು ನೆಸ್ಟಾಳ ಹಟ.

ಎರಡನೆಯ ಪ್ರದರ್ಶನಕ್ಕೆ ಅವಳು ಬೆಳಗಿನ ಐದಕ್ಕೆ ಎದ್ದು ಗ್ಲೋನ ಕೇಸರಕ್ಕೆ ಹದಿಮೂರು ಜಡೆ ಹೆಣೆದಳು. ಬೆಟ್ಟದ ಪೋನಿಯ ಕೂದಲನ್ನು ಇದ್ದ ಹಾಗೇ ಬಿಡಬೇಕು, ಜಡೆ ಹಾಕಬಾರದು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅವಸರದಲ್ಲಿ ಬಿಚ್ಚಿದರೆ ಕೂದಲೆಲ್ಲ ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಇಲ್ಲಿ ಬಾಗಿಲಲ್ಲಿ ಯಾರೂ ಕಾಗದ ಕೇಳಲಿಲ್ಲ. ತೀರ್ಪುಗಾರ ಬಗ್ಗಿ ನೋಡಿ, “ಅಪ್ಪ ಅಮ್ಮ ಯಾರು?” ಎಂದ.

“ತಾಯಿ ಕೆಂಪು, ತಂದೆ ಕೆಂಪು, ಎರಡೂ ಅಪ್ಪಟ ತಳಿ. ಕಾಗದ ಮಾತ್ರ ಕಳೆದುಹೋಗಿದೆ,” ಎಂದಳು ನೆಸ್ಟಾ ಹೆಮ್ಮೆಯಿಂದ.

ಅವನು ಕರಿ ಪೋನಿಯನ್ನು ನೋಡಿದ, ಅವಳನ್ನು ನೋಡಿದ, ಸಣ್ಣಗೆ ಕೆಮ್ಮಿದ. “ಹೌದಾ,” ಎಂದು ಮುಂದೆ ಹೋದ. ಮೂರನೆಯ ಪ್ರದರ್ಶನದಲ್ಲೂ ಅದೇ ಮಾತು, ಅದೇ ಕೆಮ್ಮು. ಇವರಿಗೆಲ್ಲ ಒಟ್ಟಿಗೇ ಶೀತವಾಗಿದೆಯೋ ಏನೋ ಎಂದು ಅವಳಿಗೆ ರೇಗಿಹೋಯಿತು.

ಕೊನೆಯದು ಆಗಸ್ಟ್ ಅಂತ್ಯದ ಕುಮ್ ಹೆಸ್ಗಿನ್ ಊರಿನ ಪ್ರದರ್ಶನ. ಈ ಸಲ ನೆಸ್ಟಾ ತಳಿಯ ಗೋಜಿಗೇ ಹೋಗದೆ ಮನೆಪೋನಿಗಳ ಸ್ಪರ್ಧೆಗೆ ಹೆಸರು ಕೊಟ್ಟಳು. ಅಲ್ಲಿ ಕಾಗದ ಬೇಡ. ಪೋನಿ ಸಾಧುವಾಗಿರಬೇಕು, ಮಕ್ಕಳು ಹೇಳಿದಂತೆ ಕೇಳಬೇಕು, ಅಷ್ಟೇ. ಬಂದದ್ದು ಏಳು ಪೋನಿ, ಇದ್ದದ್ದು ಆರು ರಿಬ್ಬನ್.

ಮಾಬ್ಲಿಯನ್ನು ಹೊತ್ತು ಗ್ಲೋ ಮುತ್ತಿನಂತೆ ನಡೆಯಿತು. ಮುಖದ ಮುಂದೆ ಕೊಡೆ ಬಿಚ್ಚಿದರೂ ಕಿವಿ ಅಲ್ಲಾಡಿಸಲಿಲ್ಲ. ತೀರ್ಪುಗಾರ್ತಿ ಅದನ್ನು ಸಾಲಿನ ತುದಿಗೆ, ಮೊದಲ ಜಾಗಕ್ಕೆ ಕರೆದಳು. ಹಗ್ಗದ ಈಚೆ ಮಾವನ ಪಕ್ಕ ನಿಂತಿದ್ದ ನೆಸ್ಟಾ ಉಸಿರು ಬಿಗಿಹಿಡಿದಳು. ಉಳಿದದ್ದು ಗೇಟಿನ ಪರೀಕ್ಷೆ ಒಂದೇ. ಪೋನಿಯ ಮೇಲಿಂದ ಇಳಿಯದೆಯೇ ಗೇಟು ತೆರೆದು, ದಾಟಿ, ಮತ್ತೆ ಮುಚ್ಚಬೇಕು.

ಗ್ಲೋ ಗೇಟಿಗೆ ಪಕ್ಕೆ ತಾಗಿಸಿ ಕಲ್ಲಿನಂತೆ ನಿಂತಿತು. ಮಾಬ್ಲಿ ಬಗ್ಗಿ ಕೊಂಡಿ ತೆಗೆದಳು, ತಳ್ಳಿದಳು, ದಾಟಿದಳು. ಆಮೇಲೆ ಅಮ್ಮನಿಗೆ ಕೈ ಬೀಸುತ್ತ ಪೋನಿಯನ್ನು ಕುಣಿಸಿಕೊಂಡು ಬಂದುಬಿಟ್ಟಳು. ಗೇಟು ಅವಳ ಹಿಂದೆ ಹಾರುಹೊಡೆದು ಹಾಗೇ ನಿಂತಿತ್ತು.

“ಮುಚ್ಚೇ! ಮುಚ್ಚೇ ಹಾಳಾದವಳೇ!” ನೆಸ್ಟಾ ಕಿರುಚಿದಳು. ತಡವಾಗಿತ್ತು. ತೀರ್ಪುಗಾರ್ತಿ ತಲೆಯಾಡಿಸಿ ಗ್ಲೋನನ್ನು ಏಳನೆಯ ಜಾಗಕ್ಕೆ ಕಳಿಸಿದಳು.

ನೆಸ್ಟಾ ಮಾವನ ಕಡೆ ತಿರುಗಿದಳು. “ನಿಮ್ಮಿಂದಲೇ ಕಲಿತದ್ದು ಅದು! ಹತ್ತೊಂಬತ್ತು ವರ್ಷ ನಿಮ್ಮ ಹಿಂದೆ ಗೇಟು ಮುಚ್ಚಿ ಮುಚ್ಚಿ ನನ್ನ ಕೈ ಸವೆದುಹೋಯ್ತು ಮಾವ. ಅಂಥಾ ಅಪ್ಪಟ ತಳಿ ಪೋನಿಗೆ ಒಂದು ಚಿಂದಿ ರಿಬ್ಬನ್ನೂ ಇಲ್ಲ!”

ಇಡ್ವಲ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. “ಅದು ಅಪ್ಪಟ ಅಲ್ಲ ಕಣಮ್ಮ.”

“ಏನಂದ್ರಿ?”

“ಎರಡು ಕೆಂಪು ಸೇರಿದ್ರೆ ಕರಿ ಮರಿ ಹುಟ್ಟಲ್ಲ. ಈ ಬೆಟ್ಟದಲ್ಲಿ ಅದು ಗೊತ್ತಿಲ್ದೇ ಇದ್ದೋಳು ನೀನೊಬ್ಬಳೇ. ಆ ವರ್ಷ ಮೇಲಿನ ಗೇಟು ನಾನೇ ತೆರೆದೇ ಬಿಟ್ಟಿದ್ದೆ. ಪಕ್ಕದ ಹೊಲದ ಗೆಥಿನ್‌ನ ಬೆರಕೆ ಕರಿ ಗಂಡು ಒಳಗೆ ಬಂದಿತ್ತು. ಅರ್ಜಿ ನಾನು ಕಳಿಸಲೇ ಇಲ್ಲ. ಸುಳ್ಳು ಬರೆಯೋಕೆ ಮನಸ್ಸು ಬರ್ಲಿಲ್ಲ, ನಿನಗೆ ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ.”

ಎರಡು ಪ್ರದರ್ಶನಗಳ ಕೆಮ್ಮು ನೆಸ್ಟಾಳ ಕಿವಿಯಲ್ಲಿ ಒಟ್ಟಿಗೇ ಕೇಳಿಸಿತು. ನಾಚಿಕೆಯಿಂದ ಅವಳ ಮುಖ ಕುತ್ತಿಗೆಯವರೆಗೂ ಕೆಂಪೇರಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಗಾಡಿಯ ಗೇರು ಬದಲಿಸಿದ ಸದ್ದಿಗೆ ಹಿಂದಿನ ಟ್ರೇಲರಿನಲ್ಲಿ ಗ್ಲೋ ಕೂಡ ಅಂಜಿರಬೇಕು.

“ಅಮ್ಮಾ,” ಹಿಂದಿನ ಸೀಟಿನಿಂದ ಮಾಬ್ಲಿ ಕೇಳಿದಳು, “ತಾತ ಅವತ್ತು ಗೇಟು ಮುಚ್ಚಿದ್ರೆ ನಮಗೆ ಗ್ಲೋ ಇರ್ತಾನೇ ಇರ್ಲಿಲ್ಲ ಅಲ್ವಾ?”

“ಬಾಯಿ ಮುಚ್ಕೊಂಡು ಕೂತ್ಕೋ,” ಎಂದಳು ನೆಸ್ಟಾ.

ಹೊಲದ ಗೇಟು ಬಂತು. ಇಡ್ವಲ್ ಇಳಿದು ತೆರೆದ, ಗಾಡಿ ಒಳಗೆ ಹೋಯಿತು. ಎಂದಿನಂತೆ ತಾನೇ ಮುಚ್ಚಬೇಕೆಂದು ನೆಸ್ಟಾ ಬಾಗಿಲಿಗೆ ಕೈ ಹಾಕಿದವಳು ಕನ್ನಡಿಯಲ್ಲಿ ನೋಡಿ ಕೈ ತಡೆದಳು. ಮಾವ ಗೇಟು ಎಳೆಯುತ್ತಿದ್ದ. ಸರಪಳಿ ಸುತ್ತಿದ, ಕೊಂಡಿ ಹಾಕಿದ, ಎರಡು ಸಲ ಅಲ್ಲಾಡಿಸಿಯೂ ನೋಡಿದ. ಆಮೇಲೆ ತಲೆ ಎತ್ತಿ ಸುತ್ತ ನೋಡಿದ. ಜನ್ಮದಲ್ಲಿ ಗೇಟು ಮುಚ್ಚಿ ಗೊತ್ತಿಲ್ಲದ ಮನುಷ್ಯ ರಸ್ತೆಯ ಕಡೆ ನಿಂತುಕೊಂಡೇ ಮುಚ್ಚಿದ್ದ.

ನೆಸ್ಟಾ ಸ್ಟೀರಿಂಗಿಗೆ ಹಣೆ ಒತ್ತಿ ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಕಣ್ಣೊರೆಸಿಕೊಂಡು ಇಳಿದು ಹೋಗಿ, ಮಾವನಿಗೆ ಗೇಟು ತೆರೆದಳು.