ಹತ್ತೊಂಬತ್ತನೇ ನಂಬರಿನ ಪೆಟ್ಟಿಗೆ

೧೯೮೨ರಲ್ಲಿ ನಾನು ಗದಗ-ಬೆಟಗೇರಿಯ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ತರನಾಗಿದ್ದೆ. ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದವನಿಗೆ ಹೇಳಿಕೊಳ್ಳಲು ಒಂದೆರಡು ಒಳ್ಳೆಯ ಕೆಲಸಗಳೂ ಇರುತ್ತವೆ. ಅವನ್ನು ನನ್ನ ಬೀಳ್ಕೊಡುಗೆಯ ದಿನ ಹಾರ ಹಾಕಿದವರೇ ಹೇಳಿ ಮುಗಿಸಿದ್ದಾರೆ. ಇದು ಆ ದಿನ ಯಾರೂ ಹೇಳದೆ ಬಿಟ್ಟದ್ದು. ಹೇಳಲು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಕೊರಳು ಬಗ್ಗಿಸಿ ಹಾರ ಹಾಕಿಸಿಕೊಂಡೆ.

ಆ ಕಚೇರಿಯಲ್ಲಿ ಇಬ್ಬರು ಪೋಸ್ಟ್‌ಮನ್‌ಗಳು ಇರಬೇಕಿತ್ತು. ಒಬ್ಬರ ಜಾಗ ಏಳು ತಿಂಗಳಿಂದ ಖಾಲಿ ಬಿದ್ದಿತ್ತು. ಉಳಿದವರು ನಿಂಗಪ್ಪ, ನನಗಿಂತ ಹಿರಿಯರು. ಪೋಸ್ಟ್‌ಮನ್ ದಿನವೂ ಸುತ್ತುವ ಹಾದಿಗೆ ನಾವು ಬೀಟ್ ಎನ್ನುತ್ತೇವೆ. ಅಂಥ ಎರಡು ಬೀಟುಗಳನ್ನು ಅವರೊಬ್ಬರೇ ಸೈಕಲ್ ಮೇಲೆ ಮುಗಿಸಬೇಕಿತ್ತು. ಕೊನೆಯಲ್ಲಿ, ಊರ ಅಂಚಿಗೆ, ಗೃಹನಿರ್ಮಾಣ ಸಂಘದವರು ಕಟ್ಟಿಸಿದ ಹೊಸ ಕಾಲೊನಿ ಇತ್ತು. ನಲವತ್ತೆರಡು ಮನೆ, ಹೆಚ್ಚಿನವು ನೇಕಾರರವು. ಅಲ್ಲಿಗೆ ಹೋದ ನಿಂಗಪ್ಪ ಬೇಗ ಹೊರಳಿ ಬರುತ್ತಿರಲಿಲ್ಲ. ಓದು ಬಾರದವರ ಮನೆಯಲ್ಲಿ ಪತ್ರ ಕೊಟ್ಟು ಬಂದರೆ ಕೆಲಸ ಮುಗಿಯುವುದಿಲ್ಲ. ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕು, ಬೇಕೆಂದರೆ ಉತ್ತರಕ್ಕೆ ನಾಲ್ಕು ಸಾಲು ಬರೆದುಕೊಡಬೇಕು. ಇದು ಯಾವ ಪುಸ್ತಕದಲ್ಲೂ ಇರದ ಪದ್ಧತಿ, ಆದರೆ ಆ ಕಾಲದ ಪೋಸ್ಟ್‌ಮನ್‌ಗಳೆಲ್ಲ ಇದನ್ನು ಮಾಡುತ್ತಿದ್ದರು. ಬಟವಾಡೆ ತಡವಾಗುತ್ತಿದೆ ಎಂದು ಇನ್‌ಸ್ಪೆಕ್ಟರರು ನನಗೆ ಎರಡು ಸಲ ಕೆಂಪು ಶಾಯಿಯಲ್ಲಿ ಬರೆದಿದ್ದರು.

ಅಂಥ ಹೊತ್ತಿನಲ್ಲಿ ಕಾಲೊನಿ ಸಂಘದ ಅಧ್ಯಕ್ಷ ಶಿವಪುತ್ರಪ್ಪನವರು ಒಂದು ಯೋಜನೆ ಹಿಡಿದುಕೊಂಡು ಬಂದರು. ಸಂಘದ ಕಚೇರಿಯ ಗೋಡೆಗೆ ಕಬ್ಬಿಣದ ದೊಡ್ಡ ಕಪಾಟು, ಅದರಲ್ಲಿ ಮನೆಗೊಂದರಂತೆ ನಲವತ್ತೆರಡು ಪೆಟ್ಟಿಗೆ, ಪ್ರತಿಯೊಂದಕ್ಕೂ ಬೀಗ. ಮನೆಯವರು ವರ್ಷಕ್ಕಿಷ್ಟು ಎಂದು ಸಂಘಕ್ಕೆ ಶುಲ್ಕ ಕಟ್ಟಬೇಕು, ಸಂಘ ಕೀಲಿಕೈ ಕೊಡುತ್ತದೆ. ನಿಂಗಪ್ಪ ಅಲ್ಲಿಗೆ ಹೋಗಿ ಹತ್ತು ನಿಮಿಷದಲ್ಲಿ ಎಲ್ಲ ಟಪಾಲು ಹಾಕಿ ಬರಬಹುದು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಮಂದಿ ಒಪ್ಪವಲ್ರು. ನೀವೊಮ್ಮೆ ಬಂದು ಹೇಳಿದ್ರ ಕೇಳ್ತಾರ್ರಿ," ಎಂದರು ಶಿವಪುತ್ರಪ್ಪ.

ಒಂದು ರವಿವಾರ ಮುಂಜಾನೆ ಸಂಘದ ಅಂಗಳದಲ್ಲಿ ಸಭೆ ಸೇರಿತು. ನನಗೆ ಮುಂದೆ ಕುರ್ಚಿ ಹಾಕಿದ್ದರು, ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಇಲಾಖೆಯಲ್ಲಿ ಬೈಸಿಕೊಂಡೇ ಅಭ್ಯಾಸವಾದ ನನಗೆ ಆ ಕುರ್ಚಿ ಬಹಳ ಹಿತವೆನಿಸಿತು. ಸಭೆಯೇನೋ ಅಧ್ಯಕ್ಷರ ಕೈ ಮೀರಿತ್ತು. ಪತ್ರಕ್ಕೆ ಹಚ್ಚುವ ತಿಕೀಟಿನ ರೊಕ್ಕದಲ್ಲಿ ಬಾಗಿಲ ತನಕ ತಂದು ಮುಟ್ಟಿಸುವ ಕೂಲಿಯೂ ಸೇರಿದೆಯಲ್ಲ, ಮತ್ತೆ ಸಂಘಕ್ಕೇಕೆ ಕೊಡಬೇಕು ಎಂದು ಎಲ್ಲರೂ ಕೇಳುತ್ತಿದ್ದರು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು.

ಆಗ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಹತ್ತೊಂಬತ್ತನೇ ನಂಬರಿನ ಮನೆಯ ಮಾಬೂಬಿ. ನೇಕಾರನಾಗಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ್ಗದವರಿಗೆ ನೂಲು ಸುತ್ತಿಕೊಟ್ಟು ಮನೆ ನಡೆಸುತ್ತಿದ್ದರು.

"ನನ್ನ ಮನಿಗೆ ಬಾಗಲಾ ಐತ್ರಿ. ನಿಂಗಪ್ಪಣ್ಣ ಬಾಗಲಿಗೆ ಬರ್ತಾನ, ಓದಿ ಹೇಳ್ತಾನ. ಈ ಪೆಟ್ಟಿಗಿ ಓದಿ ಹೇಳ್ತೈತೇನ್ರಿ?"

ಜನ ನಕ್ಕರು. ನಾನೂ ನಕ್ಕೆ. ಅವರು ನಗಿಸಲೆಂದು ಹೇಳಿರಲಿಲ್ಲ. ಅವರು ನನ್ನ ಕಡೆಗೇ ತಿರುಗಿ, "ಸಾಹೇಬ್ರ, ರೂಲು ಏನೈತಿ ನೀವು ಹೇಳ್ರಿ. ರೂಲು ಇದ್ರ ಕೊಡ್ತೀವಿ," ಎಂದರು.

ಗದ್ದಲ ನಿಂತಿತು. ಒಂದು ಮಾತಿನಲ್ಲಿ ಮುಗಿಯುವ ಉತ್ತರ. ಅಂಥ ರೂಲು ಇರಲಿಲ್ಲ. ಕಾಲೊನಿಯ ಮನೆಗಳಿಗೂ ಟಪಾಲನ್ನು ಬಾಗಿಲಿಗೇ ಮುಟ್ಟಿಸಬೇಕೆಂಬುದೇ ನಮ್ಮ ಕ್ರಮ, ಅದು ನನಗೆ ಬಾಯಿಪಾಠ ಬರುತ್ತಿತ್ತು. ನಾನು ಚಹಾದ ಲೋಟ ಕೆಳಗಿಟ್ಟು, "ರೂಲು ಈಗ ಹಂಗೇ ಐತ್ರಿ. ಪೆಟ್ಟಿಗಿ ಇದ್ದಲ್ಲೆ ಪೆಟ್ಟಿಗಿಗೇ ಹಾಕಬೇಕು," ಅಂದುಬಿಟ್ಟೆ.

"ಆತು ಬಿಡ್ರಿ ಹಂಗಾರ," ಎಂದು ಮಾಬೂಬಿ ಸೆರಗು ಸರಿಮಾಡಿಕೊಂಡು ಕೂತರು. ಅವರು ಒಪ್ಪಿದ್ದು ನೋಡಿ ಉಳಿದವರೂ ಒಪ್ಪಿಗೆಯ ಕೈ ಎತ್ತಿದರು.

ಕಪಾಟು ಬಂತು, ಹಸಿರು ಬಣ್ಣ ಹಚ್ಚಿದ್ದು. ಶುಲ್ಕ ಮೊದಲು ಕಟ್ಟಿದವರಲ್ಲಿ ಮಾಬೂಬಿಯೂ ಒಬ್ಬರು. ಆದರೆ ಕೀಲಿಕೈ ಮಾತ್ರ ಅವರಿಗೆ ಸಿಗಲಿಲ್ಲ. ಮನೆ ಇನ್ನೂ ತೀರಿಕೊಂಡ ಗಂಡನ ಹೆಸರಿನಲ್ಲಿತ್ತು. ಕೀಲಿಕೈ ಸದಸ್ಯರ ಸಹಿ ಪಡೆದೇ ಕೊಡಬೇಕು, ಹೆಸರು ಬದಲಾಯಿಸುವುದು ಮುಂದಿನ ಕಮಿಟಿಯಲ್ಲಿ ನೋಡೋಣ ಎಂದರು ಶಿವಪುತ್ರಪ್ಪ. ಅವರು ಕೆಟ್ಟವರಲ್ಲ. ಕಾಗದಪತ್ರದ ಮನುಷ್ಯ, ನನ್ನ ಹಾಗೆಯೇ.

ನಿಂಗಪ್ಪ ಬಂದು ಕೇಳಿದರು. "ಹತ್ತೊಂಬತ್ತರಾಕಿಗೆ ಕೀಲಿಕೈ ಕೊಟ್ಟಿಲ್ಲಂತ್ರಿ. ಆಕಿ ಟಪಾಲು ಮನಿಗೇ ಕೊಡ್ಲೇನ್ರಿ?"

"ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳ್ತಾರ ನಿಂಗಪ್ಪ. ಪೆಟ್ಟಿಗ್ಯಾಗ ಹಾಕ್ರಿ. ಅಲ್ಲಿಗೆ ನಮ್ಮ ಕೆಲಸ ಮುಗೀತು."

"ಆತ್ರಿ," ಎಂದು ನಿಂಗಪ್ಪ ಹೋದರು.

ಮಾಬೂಬಿಯ ಕಿರಿಯ ಮಗಳು ಜೈಬುನ್ ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಆ ಮನೆತನದಲ್ಲಿ ಮೊದಲನೆಯವಳು. ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿ, ಅಕ್ಕನ ಬಾಣಂತನಕ್ಕೆಂದು ಮುಂಡರಗಿ ಕಡೆಯ ಕೊರ್ಲಹಳ್ಳಿಗೆ ಹೋಗಿದ್ದಳು. ಪತ್ರ ಬಂದರೆ ನಿಂಗಪ್ಪ ಓದಿ ಹೇಳುತ್ತಾನೆ, ಬಸ್ಸಿನವರ ಕೈಲಿ ತಾಯಿ ಹೇಳಿ ಕಳಿಸುತ್ತಾಳೆ ಎಂಬುದು ಮನೆಯ ಏರ್ಪಾಡು. ಪೆಟ್ಟಿಗೆ ಬರುವ ಮೊದಲೇ ಮಾಡಿಕೊಂಡ ಏರ್ಪಾಡು ಅದು.

ಸಂದರ್ಶನದ ಪತ್ರ ರಿಜಿಸ್ಟರ್ ಟಪಾಲಿನಲ್ಲಿ ಬಂದಿದ್ದರೆ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಅದು ಸಾದಾ ಟಪಾಲಿನಲ್ಲಿ ಬಂತು. ನಿಂಗಪ್ಪ ನಾನು ಹೇಳಿದಂತೆ ಪೆಟ್ಟಿಗೆಯಲ್ಲಿ ಹಾಕಿದರು. ಅವರೀಗ ಮನೆಗಳ ಕಡೆಗೆ ಹೋಗುತ್ತಿರಲಿಲ್ಲ, ಹಾಗಾಗಿ ಪತ್ರ ಬಂದದ್ದು ತಾಯಿಗೆ ತಿಳಿಯದೆ ಹನ್ನೊಂದು ದಿನ ಅದು ಅಲ್ಲೇ ಇತ್ತು. ಸಂದರ್ಶನ ಎಂಟನೇ ದಿನಕ್ಕೆ ಮುಗಿದಿತ್ತು.

ಹನ್ನೊಂದನೇ ದಿನ ತಾಯಿ ಮಗಳು ಇಬ್ಬರೂ ನನ್ನ ಮೇಜಿನ ಮುಂದೆ ಬಂದು ನಿಂತರು. ಕೊರ್ಲಹಳ್ಳಿಯಿಂದ ಬಂದ ಜೈಬುನ್, ತನ್ನ ಜೊತೆಗೆ ಓದಿದವಳಿಂದ ಸಂದರ್ಶನದ ಸುದ್ದಿ ತಿಳಿದು, ತರಬೇತಿ ಶಾಲೆಗೇ ಹೋಗಿ ವಿಚಾರಿಸಿ ಬಂದಿದ್ದಳು. ನಾನು ನಿಂಗಪ್ಪನವರನ್ನು ಕಳಿಸಿ, ಸಂಘದ ಕೀಲಿಕೈಯಿಂದ ಪೆಟ್ಟಿಗೆ ತೆರೆಸಿದೆ. ಲಕೋಟೆ ಬಂತು. ಅದರ ಹಿಂದೆ ನಮ್ಮ ಕಚೇರಿಯ ಮೊಹರು, ಬಂದ ತಾರೀಖು, ಅಚ್ಚುಕಟ್ಟಾಗಿ ಒತ್ತಿದ್ದು. ಒತ್ತಿದವನು ನಾನೇ.

"ಪತ್ರ ತಡಾ ಮುಟ್ಟೇತಿ ಅಂತ ಪೋಸ್ಟಿನವರು ಬರದು ಕೊಟ್ರ ನೋಡ್ತಾರಂತ್ರಿ. ಲಿಸ್ಟು ಇನ್ನ ಆಗಿಲ್ಲಂತ," ಎಂದಳು ಜೈಬುನ್. ಹುಡುಗಿಯ ದನಿ ಗಟ್ಟಿಯಾಗಿಯೇ ಇತ್ತು.

ಎರಡು ಸಾಲು ಬರೆದರೆ ಸಾಕಿತ್ತು: ಪತ್ರವನ್ನು ವಿಳಾಸದಾರರಿಗೆ ತೆರೆಯಲು ಬಾರದ ಪೆಟ್ಟಿಗೆಯಲ್ಲಿ ಹಾಕಲಾಗಿತ್ತು, ಇದು ಕಚೇರಿಯ ತಪ್ಪು. ಆದರೆ ಆ ಎರಡು ಸಾಲು ಇನ್‌ಸ್ಪೆಕ್ಟರರ ಕೈ ಸೇರುತ್ತದೆ, ಯಾವ ರೂಲಿನ ಪ್ರಕಾರ ಪೆಟ್ಟಿಗೆಗೆ ಹಾಕಿದಿರಿ ಎಂದು ಅವರು ಕೇಳುತ್ತಾರೆ. ಮರುವರ್ಷ ನನ್ನ ಬಡ್ತಿ ಇತ್ತು. ನಾನು ಕಾಗದ ತೆಗೆದುಕೊಂಡು, "ಸದರಿ ಪತ್ರವನ್ನು ಬಂದ ದಿನವೇ ವಿಳಾಸದಾರರ ಟಪಾಲು ಪೆಟ್ಟಿಗೆಗೆ ಬಟವಾಡೆ ಮಾಡಲಾಗಿದೆ" ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಜೈಬುನ್ ಅದನ್ನು ಅಲ್ಲೇ ಓದಿದಳು. ಓದಿ ನನ್ನ ಮುಖ ನೋಡಿದಳು. ಓದಲು ಬಾರದ ಮಾಬೂಬಿ, "ಭಾಳ ಉಪಕಾರ ಆತ್ರಿ ಸಾಹೇಬ್ರ," ಎಂದು ಕೈಮುಗಿದರು. ಮಗಳು ಕಾಗದ ಮಡಚಿಕೊಂಡು ತಾಯಿಯ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಆ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಮರುದಿನದಿಂದ ನಿಂಗಪ್ಪ ನನ್ನನ್ನು ಕೇಳದೆ ಕಾಲೊನಿಯ ಮನೆಮನೆಗೂ ಹೋಗತೊಡಗಿದರು. ನಾನು ತಡೆಯಲಿಲ್ಲ. ಬಟವಾಡೆ ಮತ್ತೆ ತಡವಾಯಿತು, ಕೆಂಪು ಶಾಯಿಯ ಇನ್ನೊಂದು ಪತ್ರ ಬಂತು, ಅದರಿಂದ ನನ್ನ ಬಡ್ತಿಯೇನೂ ನಿಲ್ಲಲಿಲ್ಲ. ಇಷ್ಟಕ್ಕಾಗಿ ನಾನು ಹೆದರಿದ್ದೆನೇ ಎಂದು ಯೋಚಿಸಿದರೆ ಈಗಲೂ ತಲೆ ತಗ್ಗುತ್ತದೆ.

ಐದು ವರ್ಷದ ಮೇಲೆ ನಾನು ಲಕ್ಷ್ಮೇಶ್ವರದಲ್ಲಿದ್ದೆ. ಒಂದು ದಿನ ಕೌಂಟರಿನ ಮುಂದೆ ಒಬ್ಬ ಹೆಣ್ಣುಮಗಳು ಹತ್ತು ಇನ್‌ಲ್ಯಾಂಡ್ ಪತ್ರ ಕೇಳಿದಳು. ಜೈಬುನ್. ಆ ಊರಿಗೇ ಮದುವೆಯಾಗಿ ಬಂದಿದ್ದಳು. ಓಣಿಯ ಹೆಂಗಸರಿಗೆಲ್ಲ ಪತ್ರ ಓದಿ, ಬರೆದು ಕೊಡುತ್ತಾಳೆಂದು ನಮ್ಮ ಪೋಸ್ಟ್‌ಮನ್ ಆಮೇಲೆ ಹೇಳಿದ.

"ಅಮ್ಮಾ ಹೆಂಗದಾರ?" ಎಂದು ಕೇಳಿದೆ.

"ಚಲೋ ಅದಾಳ್ರಿ. ನಿಮ್ಮನ್ನ ನೆನಸ್ತಿರ್ತಾಳ. ಸಾಹೇಬ್ರು ಚೀಟಿ ಬರದು ಕೊಟ್ರು, ನಮ್ಮ ನಸೀಬ ಇರ್ಲಿಲ್ಲ ಅಂತಾಳ. ರೂಲು ಇದ್ದದ್ದಕ್ಕ ಅವರರ ಏನ್ ಮಾಡ್ಯಾರು ಅಂತಾಳ್ರಿ." ರೊಕ್ಕ ಮುಂದಿಟ್ಟು, "ಚೀಟಿಯೊಳಗ ಏನಿತ್ತಂತ ನಾ ಆಕಿಗೆ ಹೇಳಿಲ್ರಿ," ಎಂದಳು.

ಆಗಲೂ ನಾನು ನಿಜ ಹೇಳಬಹುದಿತ್ತು. ಅವಳ ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಇನ್‌ಲ್ಯಾಂಡ್ ಪತ್ರಗಳನ್ನು ಎಣಿಸಿ ಕೊಟ್ಟೆ. ಅವಳು ಹೋದಳು.

ಕಚೇರಿಯ ಪುಸ್ತಕದಲ್ಲಿ ಆ ಪತ್ರ ಬಟವಾಡೆಯಾಗಿದೆ, ಯಾವ ತನಿಖೆಯವರೂ ಅದರಲ್ಲಿ ತಪ್ಪು ಹುಡುಕಲಾರರು. ಆದರೆ ಕುರ್ಚಿಯಲ್ಲಿ ಕೂತವನು ಬಾಯಿಗೆ ಬಂದದ್ದನ್ನು ಹೇಳಿದರೂ ಎದುರಿಗೆ ನಿಂತವರು ಅದನ್ನೇ ಕಾನೂನೆಂದು ನಂಬಿ ಮನೆಗೆ ಹೋಗುತ್ತಾರೆ. ನೌಕರಿಯಲ್ಲಿ ನಾನು ತಡವಾಗಿ ಕಲಿತದ್ದು ಇಷ್ಟು. ಮಾಬೂಬಿ ಈಗ ಇಲ್ಲ ಎಂದು ಕೇಳಿದ್ದೇನೆ. ಇದನ್ನು ಯಾರಾದರೂ ಅವರಿಗೆ ಓದಿ ಹೇಳುವ ಕಾಲದಲ್ಲೇ ನಾನು ಬರೆಯಬೇಕಿತ್ತು: ಅಂಥ ರೂಲು ಇರಲಿಲ್ಲ ತಾಯಿ.